ಕ್ಯೂಸಿ ಇನ್‌ಸ್ಪೆಕ್ಷನ್‌ನಿಂದ ಕ್ವಾಲಿಟಿ ಎಂಜಿನಿಯರ್ ಆಗೋಕೆ ಒಂದು ವರ್ಷದ ಪ್ಲಾನ್ ಹೇಗೆ?

ಪೀಣ್ಯ_ಗೇಜ್
ಡಿಪ್ಲೊಮಾ ಮೆಕ್ಯಾನಿಕಲ್. ಪೀಣ್ಯದಲ್ಲಿ ಆಟೊ ಬಿಡಿಭಾಗ ಮಾಡುವ ಮಷೀನ್ ಶಾಪ್‌ನಲ್ಲಿ ಲೈನ್ ಇನ್‌ಸ್ಪೆಕ್ಷನ್. ಮೈಕ್ರೊಮೀಟರ್, ಬೋರ್ ಗೇಜ್, ಹೈಟ್ ಗೇಜ್ ಕೈಗೆ ಹತ್ತಿವೆ. ವಾರಕ್ಕೆ ಆರು ದಿನ ಶಿಫ್ಟ್. ಎಲ್ಲರೂ ಮೊದಲು ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ (ದೋಷ ತಗ್ಗಿಸುವ ವಿಧಾನದ ಸರ್ಟಿಫಿಕೇಟ್) ಮಾಡು ಅಂತಾರೆ. ಅಲ್ಲಿಂದಲೇ ಶುರು ಮಾಡಲಾ?

ಡೇಟಮ್_ಎ
ಈಗಲೇ ಬೇಡ ಸರ್. ನಿಮಗೆ ಬೇಕಾದ ಹುದ್ದೆಯ ಹದಿನೈದಿಪ್ಪತ್ತು ಜಾಹೀರಾತು ಒಟ್ಟುಹಾಕಿ, ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಆಟೊ ಕ್ಷೇತ್ರದಲ್ಲಿ ಎಪಿಕ್ಯೂಪಿ (ಗುಣಮಟ್ಟದ ಮುಂಗಡ ಯೋಜನೆ), ಪಿಪಿಎಪಿ (ಉತ್ಪಾದನೆಗೆ ಮುನ್ನ ಗ್ರಾಹಕರ ಒಪ್ಪಿಗೆ), ಎಫ್‌ಎಂಇಎ (ಎಲ್ಲಿ ಕೆಡಬಹುದು ಅಂತ ಮೊದಲೇ ಹುಡುಕುವುದು), ಎಸ್‌ಪಿಸಿ (ಅಂಕಿಅಂಶದಿಂದ ಪ್ರಕ್ರಿಯೆ ನಿಯಂತ್ರಣ), ಎಂಎಸ್‌ಎ (ಅಳತೆ ವಿಧಾನದ ಪರೀಕ್ಷೆ) ಈ ಐದು ಕೋರ್ ಟೂಲ್ಸ್ ಮತ್ತೆಮತ್ತೆ ಕಾಣುತ್ತವೆ. ಪ್ರತಿಯೊಂದರ ಮುಂದೆ ಗುರುತು ಹಾಕಿ: ಒಬ್ಬನೇ ಮಾಡಬಲ್ಲೆ, ಯಾರಾದರೂ ಜೊತೆಗಿದ್ದರೆ ಮಾಡಬಲ್ಲೆ, ಬರೀ ಹೆಸರು ಕೇಳಿದ್ದೇನೆ. ನಡುವಿನ ಸಾಲಿನಲ್ಲಿರುವುದನ್ನೇ ಮೊದಲು ಹಿಡಿಯಿರಿ, ಅದು ಬೇಗ ಕೈಗೆ ಬರುತ್ತದೆ.

ಇವೆಲ್ಲಕ್ಕಿಂತ ಮುಂಚೆ ಜಿಡಿ ಅಂಡ್ ಟಿ, ಅಂದರೆ ಡ್ರಾಯಿಂಗ್‌ನಲ್ಲಿ ಆಕಾರ, ಸ್ಥಾನದ ಟಾಲರೆನ್ಸ್ ತೋರಿಸುವ ಸಂಕೇತಗಳು. ಡ್ರಾಯಿಂಗ್ ತಪ್ಪು ಓದಿದರೆ ಮುಂದಿನದೆಲ್ಲ ತಪ್ಪು. ರಂಧ್ರ ಒಂದು ದಿಕ್ಕಿಗೆ 0.03, ಇನ್ನೊಂದಕ್ಕೆ 0.04 ಮಿಮೀ ಸರಿದಿದ್ದರೆ ಪೊಸಿಷನ್ (ಸ್ಥಾನದ ದೋಷ) 0.05 ಅಂತ ಬರೆಯುವವರು ಬಹಳ. ಅದು 0.10. ಟಾಲರೆನ್ಸ್ ವಲಯ ವ್ಯಾಸದಲ್ಲಿರುವುದರಿಂದ ದೂರವನ್ನು ಎರಡರಿಂದ ಗುಣಿಸಬೇಕು.

ಆರ್_ಅಂಡ್_ಆರ್
ಡ್ರಾಯಿಂಗ್ ಆದ ಮೇಲೆ ಎಂಎಸ್‌ಎ ಹಿಡಿಯಿರಿ. ಇನ್‌ಸ್ಪೆಕ್ಷನ್‌ನವರ ಕೈಗೆಟಕುವುದು ಅದೇ, ಉಪಕರಣ, ಭಾಗ, ಜನ ಎಲ್ಲ ಅಲ್ಲೇ ಇದ್ದಾರೆ. ಅದರಲ್ಲಿ ಗೇಜ್ ಆರ್ ಅಂಡ್ ಆರ್ ಅಂದರೆ ಒಟ್ಟು ವ್ಯತ್ಯಾಸದಲ್ಲಿ ಅಳತೆಯಿಂದಲೇ ಬರುವ ಪಾಲು ಎಷ್ಟು ಅಂತ ನೋಡುವುದು: 10 ಭಾಗ, 3 ಜನ, ತಲಾ 3 ಸಲ, ಒಟ್ಟು 90 ಅಳತೆ. ಗೇಜ್ ಆರ್ ಅಂಡ್ ಆರ್ ಶೇ. 10ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು, 10ರಿಂದ 30 ಇದ್ದರೆ ಅಳತೆಯ ಮಹತ್ವ ನೋಡಿ ಒಪ್ಪಬಹುದು, 30 ದಾಟಿದರೆ ಅಳೆಯುವ ವಿಧಾನವನ್ನೇ ಸರಿಪಡಿಸಬೇಕು. ಎನ್‌ಡಿಸಿ (ಭಾಗಗಳನ್ನು ಗೇಜ್ ಎಷ್ಟು ಗುಂಪುಗಳಾಗಿ ಬೇರ್ಪಡಿಸಬಲ್ಲದು ಎಂಬ ಸಂಖ್ಯೆ) 5 ಅಥವಾ ಹೆಚ್ಚು ಇರಬೇಕು.

ಕೆಡುವುದು ಎರಡು ಕಡೆ. ಸಾಲಾಗಿ ಬಂದ ಹತ್ತು ಭಾಗ ಎತ್ತಿಕೊಂಡರೆ ಭಾಗಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ, ಒಳ್ಳೆಯ ಗೇಜೂ ಕೆಟ್ಟದಾಗಿ ಕಾಣುತ್ತದೆ. ಬೇರೆ ಬೇರೆ ಶಿಫ್ಟ್, ಬೇರೆ ಬೇರೆ ದಿನದವು ಬೇಕು. ಇನ್ನೊಂದು, ಅಳೆಯುವವರಿಗೆ ಹಿಂದಿನ ರೀಡಿಂಗ್ ಗೊತ್ತಿರಬಾರದು. ಭಾಗದ ನಂಬರ್ ಮರೆಮಾಡಿ, ಕ್ರಮ ಕಲಸಿ ಕೊಡಿ.

ಪೀಣ್ಯ_ಗೇಜ್
ಬಹಳ ಉಪಯೋಗ ಆಯ್ತು. ಕೋರ್ಸ್ ಯಾವುದು? ಮ್ಯಾನೇಜರ್ ಹತ್ತಿರ ಹೇಗೆ ಕೇಳಲಿ?

ತುಮಕೂರು_ರೋಡ್
ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ಕೋರ್ಸ್‌ಗೆ ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಸರ್ಟಿಫಿಕೇಟ್ ಬೇಕಾದರೆ ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30, ಎರಡೂ ಬರಬೇಕು. ನೈಟ್ ಶಿಫ್ಟ್ ವಾರದಲ್ಲಿ ಓದು ಕೂರುವುದಿಲ್ಲ, ಅದನ್ನು ಲೆಕ್ಕದಿಂದ ಬಿಟ್ಟು ಪ್ಲಾನ್ ಮಾಡಿ. ಯಂತ್ರದ ಮುಂದೆ ನಿಂತು ಕಲಿಯಬೇಕಾದದ್ದಕ್ಕೆ ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ತರಬೇತಿ ಕೇಂದ್ರ), ತುಮಕೂರು ರಸ್ತೆಯ ಸಿಎಂಟಿಐ (ಕೇಂದ್ರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಎರಡೂ ಕಡೆ ಅಲ್ಪಾವಧಿ ತರಬೇತಿ ವಿಚಾರಿಸಿ, ಪೀಣ್ಯದಿಂದ ಎರಡೂ ದೂರವಲ್ಲ.

ಮ್ಯಾನೇಜರ್ ಹತ್ತಿರ "ನನ್ನನ್ನ ಬೆಳೆಸಿ ಸರ್" ಅಂದರೆ ಉತ್ತರ ಬರಲ್ಲ. "ಮುಂದಿನ ಆಡಿಟ್‌ಗೆ ಬೋರ್ ಗೇಜ್ ಆರ್ ಅಂಡ್ ಆರ್ ನಾನು ಮಾಡ್ತೀನಿ, ಎಂಜಿನಿಯರ್ ಒಂದು ಸಲ ನೋಡಿ ಸಹಿ ಹಾಕಿದ್ರೆ ಸಾಕು" ಅನ್ನಿ. ಅವರಿಗೂ ಹೊರೆ ಇಳಿಯುತ್ತದೆ. ಅಪ್ರೈಸಲ್‌ಗೆ ಆರು ತಿಂಗಳು ಮುಂಚೆಯೇ ಕೇಳಿ, ಆಗ ತೋರಿಸಲು ಕೆಲಸ ಇರುತ್ತದೆ.

ಮಾಡಿದ್ದನ್ನೆಲ್ಲ ಬರೆದಿಡಿ: ಸಮಸ್ಯೆ, ಮಾಡಿದ್ದು, ಮುಂಚಿನ ಅಂಕಿ, ನಂತರದ ಅಂಕಿ. ಗ್ರಾಹಕರ ಡ್ರಾಯಿಂಗ್, ಪಾರ್ಟ್ ನಂಬರ್ ಮಾತ್ರ ಮನೆಗೆ ಒಯ್ಯಬೇಡಿ, ಫೋಟೊ ಕೂಡ ಬೇಡ. ಇಂಟರ್‌ವ್ಯೂನಲ್ಲಿ ಹಳೇ ಕಂಪನಿಯ ಕಾಗದ ತೆಗೆದು ತೋರಿಸಿದರೆ ನಾಳೆ ನಮ್ಮದನ್ನೂ ತೋರಿಸ್ತಾನೆ ಅಂತಲೇ ಎಣಿಸುತ್ತಾರೆ.

ಡೇಟಮ್_ಎ
ಒಂದು ಸೇರಿಸ್ತೀನಿ. ಎಫ್‌ಎಂಇಎ ಕಲಿಯುವಾಗ 2019ರ ಎಐಎಜಿ-ವಿಡಿಎ (ಅಮೆರಿಕ, ಜರ್ಮನಿಯ ಆಟೊ ಉದ್ಯಮ ಸಂಘಗಳು) ಕೈಪಿಡಿ ಆಧಾರದ ಪಾಠ ನೋಡಿ. ಅದರಲ್ಲಿ ಆರ್‌ಪಿಎನ್ (ತೀವ್ರತೆ, ಸಂಭವ, ಪತ್ತೆಯ ಅಂಕಗಳ ಗುಣಲಬ್ಧ) ಬದಲು ಆ್ಯಕ್ಷನ್ ಪ್ರಯಾರಿಟಿ (ಯಾವುದಕ್ಕೆ ಮೊದಲು ಕ್ರಮ ಎಂಬ ದರ್ಜೆ) ಇದೆ. ಹಳೆಯ ವಿಡಿಯೊಗಳು ಇನ್ನೂ ಆರ್‌ಪಿಎನ್ ಗುಣಾಕಾರದಲ್ಲೇ ನಿಂತಿವೆ. ಗ್ರೀನ್ ಬೆಲ್ಟ್‌ಗೆ ಎಸ್‌ಪಿಸಿ ಮುಗಿಸಿ ಹೋಗಿ, ಪ್ರಾಜೆಕ್ಟ್‌ಗೆ ನಿಮ್ಮದೇ ಲೈನ್‌ನ ಅಂಕಿ ಸಿಗುತ್ತದೆ.