ಪದಚರ್ಚೆ: ಸೀಡ್‌ಗೆ ಬೀಜವೋ ಹೆಪ್ಪೋ? ರ್ಯಾಂಡಮ್‌ಗೆ ಗರ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಲೆಕ್ಕದಲ್ಲಿ ಬರುವ ಮೂರ್ನಾಲ್ಕು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನನ್ನಬಹುದು ಅಂತ ನಿಮ್ಮನ್ನು ಕೇಳಬೇಕಿದೆ. ಹಿನ್ನೆಲೆ ಸ್ವಲ್ಪ ಉದ್ದ. ಅದನ್ನು ಬಿಟ್ಟು ಪದಗಳನ್ನಷ್ಟೇ ಕೇಳಿದರೆ ನಿಘಂಟಿನಲ್ಲಿರುವ ಉತ್ತರವೇ ಸಿಗುತ್ತದೆ, ಅದು ನನ್ನ ಹತ್ತಿರ ಆಗಲೇ ಇದೆ.

ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಐಸಿಂಗ್ ಮಾದರಿಯ ಒಂದು ಹಳೇ ಫೋರ್ಟ್ರಾನ್ ಪ್ರೋಗ್ರಾಮ್ ಇದೆ. ಕಾಂತವನ್ನು ಬಿಸಿ ಮಾಡುತ್ತಾ ಹೋದರೆ ಯಾವ ಹಂತದಲ್ಲಿ ಅದರ ಕಾಂತತ್ವ ಹೋಗುತ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಮ್. ಚೌಕಳಿಯ ಒಂದೊಂದು ಮನೆಯಲ್ಲೂ ಒಂದು ಪುಟ್ಟ ಕಾಂತ ಮೇಲಕ್ಕೋ ಕೆಳಕ್ಕೋ ಮುಖ ಮಾಡಿ ಕೂತಿರುತ್ತದೆ, ನಾವು ಮನೆಯಿಂದ ಮನೆಗೆ ಹೋಗಿ ಒಂದು ರ್ಯಾಂಡಮ್ ಸಂಖ್ಯೆ (ಯಾವುದು ಬರುತ್ತದೆ ಅಂತ ಮೊದಲೇ ಹೇಳಲಾಗದ ಸಂಖ್ಯೆ) ತೆಗೆದು ಇದನ್ನು ತಿರುಗಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾ ಹೋಗಬೇಕು. ಆ ಸಂಖ್ಯೆ ಕೊಡುವ ತುಣುಕಿನ ಹೆಸರು ರ್ಯಾಂಡು. 1960ರ ದಶಕದಲ್ಲಿ ಐಬಿಎಂ ಯಂತ್ರಗಳ ಜೊತೆ ಎಲ್ಲ ಕಡೆ ಹಬ್ಬಿದ್ದು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸು, 2ರ 31ನೇ ಘಾತದಿಂದ ಭಾಗಿಸು, ಶೇಷವನ್ನು ಇಟ್ಟುಕೋ. ಅಷ್ಟೇ.

ಇದು ಕೆಟ್ಟದ್ದು ಅಂತ ಗೊತ್ತಾಗಿ ಬಹಳ ಕಾಲ ಆಯಿತು. ಇದರ ಯಾವುದೇ ಸಂಖ್ಯೆಯ 6 ಪಟ್ಟಿನಿಂದ ಅದರ ಹಿಂದಿನದರ 9 ಪಟ್ಟು ಕಳೆದು ಅದೇ ಘಾತದಿಂದ ಭಾಗಿಸಿದರೆ ಉಳಿಯುವ ಶೇಷವೇ ಮುಂದಿನ ಸಂಖ್ಯೆ. ಮೂರು ಮೂರರಂತೆ ತೆಗೆದು, ಉದ್ದ, ಅಗಲ, ಎತ್ತರ ಅಂತ ಅಳೆದು ಒಂದು ಘನದೊಳಗೆ ಚುಕ್ಕಿ ಇಟ್ಟರೆ ಎಲ್ಲ ಚುಕ್ಕಿಗಳೂ ಬರೀ 15 ಹಾಳೆಗಳ ಮೇಲೆ ಬಂದು ಕೂರುತ್ತವೆ, ಮಧ್ಯೆ ಖಾಲಿ. ಜೊತೆಗೆ ಇದು 2ರ 29ನೇ ಘಾತದಷ್ಟು, ಅಂದರೆ ಸುಮಾರು 53 ಕೋಟಿ 69 ಲಕ್ಷ ಸಂಖ್ಯೆ ಕೊಟ್ಟ ಮೇಲೆ ಮತ್ತೆ ಮೊದಲಿಗೇ ಬರುತ್ತದೆ. 256ಕ್ಕೆ 256 ಮನೆಯ ಚೌಕಳಿಗೆ ಮನೆಗೊಂದರಂತೆ ತೆಗೆದರೆ 8192 ಸುತ್ತಿಗೆ ಮುಗಿದೇ ಹೋಯಿತು. ಆಗಿನ ಯಂತ್ರಕ್ಕೆ ಅದು ಜಾಸ್ತಿ, ಈಗಿನದಕ್ಕೆ ಏನೇನೂ ಅಲ್ಲ.

ಹಾಗಾಗಿ ಈ ಬೇಸಿಗೆಯಲ್ಲಿ ಇಡೀ ಪ್ರೋಗ್ರಾಮನ್ನು ಪೈಥಾನ್‌ಗೆ ತಂದು, ಸಂಖ್ಯೆ ಕೊಡುವ ಕೆಲಸವನ್ನು ನಂಪೈ ಅನ್ನುವ, ಪೈಥಾನ್ ಭಾಷೆಯಲ್ಲಿ ಲೆಕ್ಕಕ್ಕೆ ಬಳಸುವ ಸಿದ್ಧ ಕೋಡಿನ ಕಟ್ಟಿಗೆ ಒಪ್ಪಿಸಿದೆ. ಜೊತೆಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಯೋಣ ಅಂತ ಕೂತೆ. ತೊಡಕು ಶುರುವಾಗಿದ್ದು ಅಲ್ಲಿ.

ಮೊದಲು ಸೀಡ್. ಲೆಕ್ಕ ಶುರು ಮಾಡಲು ನಾವು ಕೊಡುವ ಮೊದಲ ಸಂಖ್ಯೆ ಅದು. ಅದೇ ಸೀಡ್ ಕೊಟ್ಟರೆ ಅದೇ ಸಾಲು ಬರುತ್ತದೆ, ಒಂದೂ ತಪ್ಪದೆ. ನಾನು ಸುಮ್ನೆ ‘ಬೀಜ’ ಅಂತ ಬರೆದೆ. ‘ಪ್ರತಿ ಓಟಕ್ಕೂ ಹೊಸ ಬೀಜ ಹಾಕಿ’ ಅಂತ ಒಂದು ವಾಕ್ಯ. ಓಟ ಅಂದರೆ ಪ್ರೋಗ್ರಾಮನ್ನು ಒಂದು ಸಲ ಪೂರ್ತಿ ಓಡಿಸುವುದು ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಒಬ್ಬ ವಿದ್ಯಾರ್ಥಿನಿ ಅದನ್ನು ಓದಿ, ಚೌಕಳಿಯನ್ನು ಒಂದು ಸುತ್ತು ಮುಗಿಸಿದಾಗಲೆಲ್ಲ ಗಡಿಯಾರದ ಸೆಕೆಂಡನ್ನು ತೆಗೆದುಕೊಂಡು ಹೊಸ ಬೀಜ ಹಾಕಿದ್ದಳು. ಚೌಕಳಿ ಚಿಕ್ಕದು, ಒಂದು ಸೆಕೆಂಡಿನಲ್ಲಿ ಎಷ್ಟೋ ಸುತ್ತು ಮುಗಿಯುತ್ತವೆ, ಅಷ್ಟಕ್ಕೂ ಅದೇ ಬೀಜ, ಅದೇ ಸಂಖ್ಯೆಗಳು. ಕಾಂತತ್ವದ ಗ್ರಾಫ್ ಸೆಕೆಂಡಿಗೊಮ್ಮೆ ಜಿಗಿದು ಮೆಟ್ಟಿಲು ಮೆಟ್ಟಿಲಾಗಿ ಬಂದಿತ್ತು. ಯಾಕಮ್ಮ ಹೀಗೆ ಮಾಡಿದೆ ಅಂತ ಕೇಳಿದರೆ, ‘ಹಳೇ ಬೀಜ ಮತ್ತ ಹಾಕಿದ್ರ ಬೆಳಿ ಚಲೋ ಬರಂಗಿಲ್ಲ ಅಲ್ರೀ ಸರ್’ ಅಂದಳು. ಅವರದು ಹಾವೇರಿ ಕಡೆ, ಮನೆಯಲ್ಲಿ ಗೋವಿನಜೋಳ ಬೆಳೆಯುತ್ತಾರೆ. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಅಂಗಡಿಯಿಂದ ಹೊಸದಾಗಿ ತರಲೇಬೇಕು. ಅವಳು ಪದವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು, ಪದವೇ ಅವಳನ್ನು ತಪ್ಪು ದಾರಿಗೆ ಕರೆದುಕೊಂಡು ಹೋಗಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಇರುವ ಪದ ‘ಹೆಪ್ಪು’. ನೋಡಿ, ಹಾಲಿಗೆ ಹೆಪ್ಪು ಹಾಕುವುದು ಒಂದೇ ಸಲ. ಹಾಕಿ ಮುಚ್ಚಿಟ್ಟರೆ ಆಯಿತು, ಮತ್ತೆ ಮತ್ತೆ ಹಾಕುತ್ತಾ ಕಲಕಿದರೆ ಮೊಸರು ಕೆಡುತ್ತದೆ. ಇನ್ನೊಂದು, ಇವತ್ತಿನ ಮೊಸರಿನಲ್ಲೇ ಒಂದು ಚಮಚ ತೆಗೆದಿಟ್ಟರೆ ಅದೇ ನಾಳೆಗೆ ಹೆಪ್ಪು. ರ್ಯಾಂಡುವಿನಂಥ ಪ್ರೋಗ್ರಾಮ್ ಕೆಲಸ ಮಾಡುವುದು ಹೂಬೇಹೂಬು ಹೀಗೆ, ಈಗ ಬಂದ ಸಂಖ್ಯೆಯೇ ಮುಂದಿನದನ್ನು ಹುಟ್ಟಿಸುತ್ತದೆ. ಮೊದಲ ದಿನದ ಹೆಪ್ಪನ್ನು ಮಾತ್ರ ಪಕ್ಕದ ಮನೆಯಿಂದ ಇಸಕೊಂಡು ಬರಬೇಕು, ಅದೇ ಸೀಡ್. ಬೀಜದಲ್ಲಿ ಈ ದಿನದಿಂದ ದಿನಕ್ಕೆ ಸಾಗುವ ಅರ್ಥ ಅಷ್ಟು ಚೆನ್ನಾಗಿ ಬರುವುದಿಲ್ಲ.

ಬೀಜದ ಪರವಾಗಿ ಹೇಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಬೀಜಾಕ್ಷರ, ಬೀಜಮಂತ್ರ ಅನ್ನುವಾಗ ಇಡೀ ವಿಸ್ತಾರ ಆ ಒಂದು ಚಿಕ್ಕದರಲ್ಲಿ ಅಡಗಿದೆ ಅನ್ನುವ ಅರ್ಥ ಇದೆಯಲ್ಲ, ಅದು ಸೀಡ್‌ಗೆ ಚೆನ್ನಾಗಿ ಒಪ್ಪುತ್ತದೆ. ಹೆಪ್ಪಿನ ತೊಂದರೆ ಏನೆಂದರೆ ‘ಹೆಪ್ಪುಗಟ್ಟು’ ಅಂದ ಕೂಡಲೇ ರಕ್ತ, ಮಂಜು ನೆನಪಿಗೆ ಬರುತ್ತವೆ. ಕಾಂತಗಳು ಒಂದೇ ದಿಕ್ಕಿಗೆ ನಿಂತುಬಿಡುವ ಪಾಠದಲ್ಲಿ ಆ ಪದವೂ ಬೇಕಾಗುತ್ತದೆ, ಗೊಂದಲ ಆಗಬಹುದು.

ಇನ್ನು ರ್ಯಾಂಡಮ್. ಪಠ್ಯಪುಸ್ತಕದಲ್ಲಿ ‘ಯಾದೃಚ್ಛಿಕ’. ಯದೃಚ್ಛೆಯಿಂದ ಬಂದದ್ದು, ಅರ್ಥ ಸರಿಯಾಗಿದೆ. ಆದರೆ ನನ್ನದೇ ಕೈಪಿಡಿಯಲ್ಲಿ ಹುಡುಕಿದರೆ ಅದು ಮೂರು ಬಗೆಯ ಕಾಗುಣಿತದಲ್ಲಿ ಸಿಕ್ಕಿತು, ತರಗತಿಯಲ್ಲಿ ಒಬ್ಬರೂ ಅದನ್ನು ಬಾಯಲ್ಲಿ ಹೇಳುವುದಿಲ್ಲ. ‘ಅಡ್ಡಾದಿಡ್ಡಿ’ ಅಂದರೆ ಅಶಿಸ್ತು, ‘ಎರ್ರಾಬಿರ್ರಿ’ ಅಂದರೆ ಸಿಟ್ಟು, ‘ಮನಬಂದಂತೆ’ ಅಂದರೆ ಯಾರದೋ ಮನಸ್ಸು. ಇಲ್ಲಿ ಯಾರ ಮನಸ್ಸೂ ಇಲ್ಲ, ಅದೇ ಮುಖ್ಯ.

ನನಗೆ ಹೊಳೆದದ್ದು ಚೌಕಾಬಾರದ ‘ಗರ’. ಕವಡೆ ಕೈಯಲ್ಲಿ ಕುಲುಕಿ ಬಿಟ್ಟಾಗ ಬೀಳುವ ಲೆಕ್ಕ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಾಲ್ಕು ಕವಡೆಯ ಆಟದಲ್ಲಿ ಪ್ರತಿ ಕವಡೆಯೂ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೂ, 16 ಬಗೆಯಲ್ಲಿ ಎರಡು ಬೀಳುವುದು 6 ಬಗೆ, ಒಂದು ಮತ್ತು ಮೂರು ತಲಾ 4 ಬಗೆ, ನಾಲ್ಕು ಮತ್ತು ಎಂಟು ತಲಾ ಒಂದೇ ಬಗೆ. ಅಂದರೆ ಗರ ಅನ್ನುವಾಗ ‘ಎಲ್ಲಕ್ಕೂ ಸಮಾನ ಅವಕಾಶ’ ಅನ್ನುವ ತಪ್ಪು ಅರ್ಥ ಬರುವುದಿಲ್ಲ. ಮಕ್ಕಳು ಅತಿ ಹೆಚ್ಚು ಎಡವುವುದು ಅಲ್ಲೇ. ಐಸಿಂಗ್ ಚೌಕಳಿಯಲ್ಲೂ ‘ಮನೆ’, ಚೌಕಾಬಾರದಲ್ಲೂ ‘ಮನೆ’. ‘ಪ್ರತಿ ಮನೆಗೂ ಒಂದು ಗರ ಹಾಕಿ’ ಅಂದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಎದುರಿಗೆ ಇರುವುದು ‘ಗರ ಬಡಿದವರ ಹಾಗೆ’ ಅನ್ನುವ ಮಾತು. ಆ ಗರ ಗ್ರಹದ ತದ್ಭವ, ಬೇರೆಯೇ ಪದ. ಆದರೆ ಓದುವವರಿಗೆ ಮೊದಲು ಅದೇ ನೆನಪಾಗುತ್ತದೆಯೇ?

ಹಾಗೆಯೇ, ನಮ್ಮ ಮನೆಯಲ್ಲಿ ಏನು ಬಿದ್ದರೂ ಗರ ಅನ್ನುತ್ತಿದ್ದೆವು. ಪಕ್ಕದ ಮನೆಯವರು ನಾಲ್ಕು, ಎಂಟು ಬಿದ್ದು ಇನ್ನೊಂದು ಆಟ ಸಿಕ್ಕಿದರೆ ಮಾತ್ರ ಗರ ಅನ್ನುತ್ತಿದ್ದರು. ನಿಮ್ಮ ಊರಿನಲ್ಲಿ ಹೇಗೆ? ಕರಾವಳಿ, ಬೆಳಗಾವಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ.

ಈ ಸಂಖ್ಯೆಗಳು ಲೆಕ್ಕದಿಂದಲೇ ಹುಟ್ಟಿದವು, ರ್ಯಾಂಡಮ್ ಹಾಗೆ ಕಾಣುತ್ತವೆ ಅಷ್ಟೇ, ಅದಕ್ಕೇ ಇಂಗ್ಲಿಷಿನಲ್ಲಿ ಸೂಡೋ-ರ್ಯಾಂಡಮ್ ಅನ್ನುತ್ತಾರೆ. ಆ ಸೂಡೋಗೆ ‘ಹುಸಿ’ ಸಾಕು ಅಂತ ನನ್ನ ಅಭಿಪ್ರಾಯ. ಹುಸಿಮುನಿಸು ಅಂದರೆ ಮೋಸ ಅಲ್ಲ, ಮುನಿಸಿನ ಹಾಗೆ ಕಾಣುವುದು. ಅದೇ ಅರ್ಥ ಇಲ್ಲೂ.

ಕೊನೆಯದು ಲೆಗಸಿ. 2019ರಲ್ಲಿ ನಂಪೈ 1.17 ಬಂದಾಗ ಹೊಸ ವ್ಯವಸ್ಥೆಗೆ ಪಿಸಿಜಿ64 ಅನ್ನುವ ಸಂಖ್ಯೆ ಹುಟ್ಟಿಸುವ ವಿಧಾನವನ್ನು ತಂದು, ಹಿಂದಿನ ಮರ್ಸೆನ್ ಟ್ವಿಸ್ಟರ್ ಅನ್ನುವ ವಿಧಾನದ ಆಧಾರದ ದಾರಿಯನ್ನು ಲೆಗಸಿ ಅಂತ ಕರೆದರು. ಹಳೆಯದನ್ನು ಕಿತ್ತು ಹಾಕಲಿಲ್ಲ, ಯಾಕೆಂದರೆ ಹಳೇ ಲೆಕ್ಕವನ್ನು ಯಾರಾದರೂ ಮತ್ತೆ ಓಡಿಸಿ ನೋಡಬೇಕೆಂದರೆ ಅವೇ ಸಂಖ್ಯೆಗಳು ಬೇಕು. ಇದಕ್ಕೆ ಅನುವಾದದ ಯಂತ್ರ ಕೊಡುವ ಪದ ‘ಪರಂಪರೆ’. ಪರಂಪರೆ ಅಂದರೆ ಮುಂದುವರಿಸಬೇಕಾದ್ದು ಅಲ್ವಾ, ಇಲ್ಲಿ ಹೇಳಬೇಕಿರುವುದು ಅದಕ್ಕೆ ವಿರುದ್ಧ. ‘ಅಟ್ಟಕ್ಕೆ ಹಾಕಿದ್ದು’ ಅಂದರೆ ಹೇಗೆ? ಅಟ್ಟದ ಪಾತ್ರೆಯನ್ನು ಬಿಸಾಡಿಲ್ಲ, ಬೇಕಾದಾಗ ಇಳಿಸಬಹುದು, ಆದರೆ ದಿನದ ಅಡುಗೆಗೆ ಯಾರೂ ತೆಗೆಯುವುದಿಲ್ಲ.

ಕೈಪಿಡಿಯ ಮೊದಲ ಪುಟದ ವಾಕ್ಯ ಈಗ ಹೀಗಿದೆ: ‘ಓಟದ ಶುರುವಿನಲ್ಲಿ ಒಂದೇ ಸಲ ಹೆಪ್ಪು ಹಾಕಿ, ಆ ಸಂಖ್ಯೆಯನ್ನು ಬರೆದಿಡಿ, ಆಮೇಲೆ ಪ್ರತಿ ಮನೆಗೂ ಒಂದೊಂದು ಹುಸಿಗರ ತೆಗೆಯಿರಿ.’ ಕಂಪ್ಯೂಟರ್ ಗೊತ್ತಿಲ್ಲದ ಯಾರಿಗಾದರೂ ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ತೋರಿಸಿ, ಅವರು ಎಲ್ಲಿ ತಡೆದು ‘ಹಂಗಂದ್ರೆ?’ ಅಂತ ಕೇಳಿದರು ಅನ್ನುವುದನ್ನು ನನಗೆ ಬರೆಯುತ್ತೀರಾ?