ಆನ್‌ಲೈನ್ ಚರ್ಚೆಗೆ ಮಕ್ಕಳನ್ನು ಹೇಗೆ ಗುಂಪು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ವಾರಕ್ಕೆ ಎರಡು ಕ್ಲಾಸ್ ಆನ್‌ಲೈನ್, 48 ಮಕ್ಕಳು. ಆರಾರು ಜನರ ಎಂಟು ಗುಂಪು ಮಾಡಿದೆ. ಪ್ರತಿ ಗುಂಪಿಗೂ ಚೆನ್ನಾಗಿ ಓದುವ ಒಬ್ಬರು, ಹಿಂದುಳಿದ ಒಬ್ಬಿಬ್ಬರು. ಟೊಮೆಟೊ ಬೆಲೆ ಯಾಕೆ ಹೀಗೆ ಏರಿಳಿಯುತ್ತೆ ಅಂತ ಚರ್ಚೆಗೆ ಕೊಟ್ಟೆ. ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ 20 ಸಾಲು ಬರೆದಳು. ಉಳಿದವರು ‘ಸೂಪರ್ ಪಾಯಿಂಟ್’, ‘ನಂದೂ ಇದೇ’ ಅಂದರು. ಒಬ್ಬ ಹೆಬ್ಬೆರಳು ಹಾಕಿ ಹೋದ. ಆರು ಗುಂಪುಗಳ ಕತೆ ಇದೇ. ಜಾಣರನ್ನೆಲ್ಲ ಒಂದು ಕಡೆ ಹಾಕಿಬಿಡಲಾ?

ಉತ್ತರ: ಬೇಡ ಸರ್. ಹಾಗೆ ಮಾಡಿದರೆ ಉಳಿದ ಗುಂಪುಗಳಲ್ಲಿ ಮಾತು ಶುರುವಾಗುವುದೇ ಕಷ್ಟ.

ಮೊದಲು ಗುಂಪು ಚಿಕ್ಕದು ಮಾಡಿ. ಆರು ಜನ ಜಾಸ್ತಿ, ನಾಲ್ಕು ಸಾಕು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು, 1913ರಲ್ಲಿ ಬರೆದಿದ್ದರು: ಕೈಗಳು ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆ. ನಮ್ಮೂರ ತೇರಿನಲ್ಲೂ ನೋಡಿದ್ದೇವೆ ಅಲ್ವಾ, ಹಗ್ಗ ಮುಟ್ಟಿದವರೆಲ್ಲ ಎಳೆಯುವುದಿಲ್ಲ. ತರಗತಿಯಲ್ಲಾದರೆ ಸುಮ್ನೆ ಕೂತವರ ಮುಖ ಕಾಣುತ್ತೆ. ಆನ್‌ಲೈನ್‌ನಲ್ಲಿ ಅದೂ ಇಲ್ಲ.

ಇನ್ನು ಜಾಣರು, ಹಿಂದುಳಿದವರನ್ನು ಬೆರೆಸುವ ವಿಚಾರ. ಅಮೆರಿಕದ ನೊರೀನ್ ವೆಬ್ ಗುಂಪು ಕಲಿಕೆಯನ್ನೇ ವರ್ಷಗಟ್ಟಲೆ ನೋಡಿದವರು. ಬೇರೆಯವರಿಗೆ ಬಿಡಿಸಿ ಹೇಳುವವರು ಚೆನ್ನಾಗಿ ಕಲಿಯುತ್ತಾರೆ, ಬರೀ ಉತ್ತರ ಪಡೆದವರಿಗೆ ಹೆಚ್ಚೇನೂ ದಕ್ಕುವುದಿಲ್ಲ ಎಂದು ಅವರು ಕಂಡರು. ಇನ್ನೊಂದು ವಿಷಯವನ್ನೂ ಗಮನಿಸಿದರು. ಬೆರಕೆ ಗುಂಪಿನಲ್ಲಿ ಜಾಣರು ಮೇಷ್ಟ್ರಾಗುತ್ತಾರೆ, ಹಿಂದುಳಿದವರು ಶಿಷ್ಯರಾಗುತ್ತಾರೆ, ನಡುವಿನವರು ಹೊರಗೆ ಉಳಿಯುತ್ತಾರೆ. ನಿಮ್ಮ ‘ನಂದೂ ಇದೇ’ ಹುಡುಗರಲ್ಲಿ ಇಂಥವರೇ ಜಾಸ್ತಿ ಇರಬಹುದು, ನೋಡಿ.

ಆದರೆ ಅಂಕ ನೋಡಿ ಗುಂಪು ಮಾಡುವುದಕ್ಕಿಂತ ಮುಖ್ಯವಾದದ್ದು, ಪ್ರತಿಯೊಬ್ಬರ ಕೈಯಲ್ಲೂ ಉಳಿದವರಿಗೆ ಬೇಕಾದ ಒಂದು ತುಂಡು ಇರಬೇಕು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಳಿಯ, ಕಪ್ಪು, ಲ್ಯಾಟಿನೋ ಮಕ್ಕಳು ಒಂದೇ ತರಗತಿಗೆ ಬಂದಾಗ ಜಗಳ ನಡೀತಿತ್ತು. ಆಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ತಂದ ಜಿಗ್ಸಾ ವಿಧಾನ ಇದೇ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಪಕ್ಕದವನ ಮಾತು ಕೇಳದೆ ಯಾರಿಗೂ ಪಾಠ ಪೂರ್ತಿ ಆಗುವುದಿಲ್ಲ.

ನಿಮ್ಮ ಟೊಮೆಟೊ ವಿಷಯವನ್ನೇ ನಾನೂ ಹೀಗೆ ಹಂಚಿದ್ದೆ: ರೈತನ ಖರ್ಚು ಒಬ್ಬರಿಗೆ, ಮಂಡಿ ಹರಾಜು ಒಬ್ಬರಿಗೆ, ಮಳೆ ಮತ್ತು ರೋಗ ಒಬ್ಬರಿಗೆ, ಪೇಟೆ ಅಂಗಡಿಯ ಬೆಲೆ ಒಬ್ಬರಿಗೆ. ಕೋಲಾರದ ಕಡೆಯ ಒಬ್ಬ ಹುಡುಗ ಅಲ್ಲಿಯವರೆಗೆ ಬಾಯೇ ಬಿಟ್ಟಿರಲಿಲ್ಲ. ಅವತ್ತು ಕನ್ನಡದಲ್ಲೇ ಒಂದು ವಾಯ್ಸ್ ನೋಟ್ ಹಾಕಿದ. “15 ಕೆ.ಜಿ. ಬಾಕ್ಸಿಗೆ ಕೀಳೋ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಎಲ್ಲ ಕಳೆದ್ರೆ ಕೈಗೆ ಏನೂ ಉಳಿಯಲ್ಲ. ಅಂಥ ದಿನ ಅಪ್ಪ ಹಣ್ಣನ್ನ ಗಿಡದಲ್ಲೇ ಬಿಟ್ಬಿಡ್ತಾರೆ.” ಹಿಂದೆ ಅವನ ಕರುವಿನ ಅಂಬಾ ಕೇಳುತ್ತಿತ್ತು. ಆ ಗುಂಪಿನ ಟಾಪರ್ ತಕ್ಷಣ ಕೇಳಿದಳು: “ಎಲ್ಲರೂ ಹಾಗೆ ಬಿಟ್ಟು ಮುಂದಿನ ಸಲ ಕಡಿಮೆ ಬೆಳೆದ್ರೆ, ಆಮೇಲೆ ರೇಟು ಏರುತ್ತಾ?” 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದು ನೆನಪಿಸಿ ಇಬ್ಬರೂ ಸೇರಿ ಪಾಠ ಬಿಡಿಸಿದರು. ನನಗೆ ಕಣ್ಣು ತುಂಬಿ ಬಂತು ಸರ್.

ಕನ್ನಡದಲ್ಲಿ ಮಾತಾಡಲು ಬಿಡಿ. ಇಂಗ್ಲಿಷ್ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡಿರುತ್ತಾರೆ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮಲ್ಲಿ ಮೊದಲು ಬರೆದವರದ್ದನ್ನ ನೋಡಿ ಉಳಿದವರು ಕಾಪಿ ಹೊಡೀತಾರೆ. ಏನು ಮಾಡೋದು?

ಉತ್ತರ: ಆನ್‌ಲೈನ್ ಪಾಠದ ತಂತ್ರಾಂಶ ಮೂಡಲ್ ಬಳಸುತ್ತಿದ್ದರೆ ಅದರಲ್ಲಿ ಪ್ರಶ್ನೋತ್ತರ ಬಗೆಯ ಚರ್ಚೆ ಇದೆ. ತಾನು ಬರೆದು ಹಾಕದೆ ಬೇರೆಯವರದ್ದು ಕಾಣುವುದಿಲ್ಲ. ವಾಟ್ಸಾಪ್ ಆದರೆ ರಾತ್ರಿ ಎಂಟರೊಳಗೆ ಎಲ್ಲರೂ ನಿಮಗೆ ಮಾತ್ರ ಕಳಿಸಲಿ, ಆಮೇಲೆ ಗುಂಪಿಗೆ ಹಾಕಲಿ. ಎರಡೇ ಸಾಲು ಸಾಕು. ಸ್ವಂತದ್ದೊಂದು ಬರೆದಿಟ್ಟುಕೊಂಡ ಮೇಲೆ ವಾದಕ್ಕೆ ಧೈರ್ಯ ಬರುತ್ತೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಗುಂಪು ವಾರವಾರ ಬದಲಿಸಬೇಕಾ? ನಾಲ್ಕರಂತೆ ಅಂದರೆ 12 ಗುಂಪು, ಎಲ್ಲ ಓದೋದು ಹೇಗೆ?

ಉತ್ತರ: ವಾರವಾರ ಬೇಡ. ಸಲಿಗೆ ಬೆಳೆಯಲು ಸಮಯ ಬೇಕು, ನಾನು ನಾಲ್ಕೈದು ವಾರ ಒಂದೇ ಗುಂಪು ಇಡುತ್ತೇನೆ. ತುಂಡುಗಳನ್ನು ಮಾತ್ರ ಪ್ರತಿ ಸಲ ಬದಲಿಸಿ. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಹಾಕಬೇಡಿ, ಮಾತು ಕಟ್ಟಿಹೋಗುತ್ತೆ. ಓದುವುದಕ್ಕೆ ವಾರಕ್ಕೆ ನಾಲ್ಕು ಗುಂಪು ಆರಿಸಿ, ಮೂರು ವಾರಕ್ಕೆ ಎಲ್ಲವೂ ಮುಗಿಯುತ್ತೆ. ‘ಗುಡ್’ ಅಂತ ಮಾತ್ರ ಬರೆಯಬೇಡಿ. ‘ನೀನು ಹೇಳಿದ ಗಾಡಿ ಬಾಡಿಗೆ ಲೆಕ್ಕವನ್ನು ಅವಳು ಬಳಸಿದ್ದಾಳೆ ನೋಡು’ ಅಂತ ಹೆಸರು ಹಿಡಿದು ಬರೆಯಿರಿ. ಮುಂದಿನ ವಾರ ಆ ಹುಡುಗ ತಾನಾಗಿಯೇ ಬರೆಯುತ್ತಾನೆ.