ಈಡೀ ಬರೀ ಬಲಿಪಶುವಾ? ನಮ್ಮ ಆರ್ಟ್ ಕಾಲೇಜು ಬ್ಯಾಚ್ ಗುಂಪಿನಲ್ಲಿ ನಡೆದ ಚರ್ಚೆ

ಗುರು: ಟ್ರೈಲರ್ ಹಾಕಿದ್ದೇನೆ, ನೋಡಿ. 'ಫ್ಯಾಕ್ಟರಿ ಗರ್ಲ್', 2006ರ ಸಿನಿಮಾ. ಅಮೆರಿಕದ ಪಾಪ್ ಕಲಾವಿದ ವಾರ್ಹಾಲ್ ತೆಗೆದ ಸಿನಿಮಾಗಳಲ್ಲಿ ನಟಿಸಿದ ಈಡೀ ಸೆಜ್‌ವಿಕ್ ಕಥೆ. ಸಿಯೆನಾ ಮಿಲ್ಲರ್ ಈಡೀ, ಗೈ ಪಿಯರ್ಸ್ ಆಂಡಿ ವಾರ್ಹಾಲ್. ಕಾಲೇಜಲ್ಲಿ ನಾವೆಲ್ಲ ವಾರ್ಹಾಲ್ ಅಂದ್ರೆ ಕುಣಿದಾಡುತ್ತಿದ್ದೆವು. ಆ ಮನುಷ್ಯ ಒಂದು ಹುಡುಗಿಯ ಬಾಳನ್ನೇ ಹಾಳು ಮಾಡಿದ. 28ಕ್ಕೇ ಹೋಗಿಬಿಟ್ಟಳು.

ಸುಮಾ: ನಾನೂ ನೋಡಿದ್ದೇನೆ ಕಣೋ. ಅಳು ಬಂತು. ಎಷ್ಟು ಲವಲವಿಕೆ ಆ ಹುಡುಗಿಗೆ!

ಇಕ್ಬಾಲ್: ನನಗೆ ಅಷ್ಟೇನೂ ಮರುಕ ಬರಲಿಲ್ಲ. ಅಜ್ಜಿ ಕಡೆಯ ದುಡ್ಡು, ಪಾರ್ಟಿ, ತುಪ್ಪಳದ ಕೋಟು. ಹೊಟ್ಟೆ ತುಂಬಿದವರ ಕಷ್ಟ ಅದು. ಇಂಥವರ ಬಗ್ಗೆ ಯಾಕೆ ಸಿನಿಮಾ ಮಾಡಬೇಕು?

ಶೈಲಜಾ: ಸಿಯೆನಾ ಮಿಲ್ಲರ್ ಚೆನ್ನಾಗಿ ಮಾಡಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಸಿನಿಮಾ ಮಾತ್ರ ನನಗೆ ಹಿಡಿಸಲಿಲ್ಲ. ಒಂದು ಕಡೆ ವಾರ್ಹಾಲ್, ಇನ್ನೊಂದು ಕಡೆ ಗಿಟಾರ್ ಹಿಡಿದ ಹಾಡುಗಾರ, ಮಧ್ಯೆ ಕಕ್ಕಾಬಿಕ್ಕಿಯಾದ ಹುಡುಗಿ. ಅವಳ ಕಥೆ ಇಷ್ಟೇನಾ?

ಗುರು: ಆ ಹಾಡುಗಾರ ಬಾಬ್ ಡಿಲನ್ ತಾನೆ?

ಶೈಲಜಾ: ಹೆಸರು ಹಾಕಿಲ್ಲ, ಆದರೆ ನೋಡಿದವರಿಗೆಲ್ಲ ಗೊತ್ತಾಗುತ್ತೆ. ಬಿಡುಗಡೆಗೆ ಮೊದಲೇ ಡಿಲನ್ ಕಡೆಯ ವಕೀಲರು ಆಕ್ಷೇಪಣೆಯ ಪತ್ರ ಕಳಿಸಿದ್ದರು. ಈಡೀ ಸಾವಿಗೆ ಡಿಲನ್ ಕಾರಣ ಅನ್ನೋ ಹಾಗೆ ತೋರಿಸಿದ್ದಾರೆ ಅಂತ. ಪೇಪರಿನವರು ಬರೆದಿದ್ದೂ ಅದನ್ನೇ. ಅವಳ ಸಾವಿಗೆ ಯಾವ ಗಂಡಸು ಕಾರಣ ಅನ್ನೋದೇ ದೊಡ್ಡ ಸುದ್ದಿ ಆಯಿತು.

ಗುರು: ವಾರ್ಹಾಲ್ ಕಾರಣ ಅಲ್ವಾ ಹಾಗಾದರೆ?

ಶೈಲಜಾ: ಅವನನ್ನು ಸಮರ್ಥಿಸುತ್ತಿಲ್ಲ ಗುರು. ತಾರೀಖು ನೋಡು. ಅವರಿಬ್ಬರು ಭೇಟಿಯಾಗಿದ್ದು 1965ರ ಶುರುವಿನಲ್ಲಿ. ಅದಕ್ಕೂ ಮೊದಲೇ, 1962ರಲ್ಲಿ, ಊಟ ಬಿಟ್ಟು ಸೊರಗಿಹೋಗಿದ್ದಾಳೆ ಅಂತ ಮನೆಯವರು ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. 1964ರಲ್ಲಿ ಒಬ್ಬ ಅಣ್ಣ ಅಂಥದ್ದೇ ಆಸ್ಪತ್ರೆಯಲ್ಲಿ ಜೀವ ಕಳೆದುಕೊಂಡ. 1965ರ ಜನವರಿಯಲ್ಲಿ ಇನ್ನೊಬ್ಬ ಅಣ್ಣ ಬೈಕ್ ಅಪಘಾತದಲ್ಲಿ ಹೋದ. ಇಷ್ಟೆಲ್ಲ ಹೊತ್ತುಕೊಂಡೇ ಅವಳು 'ಫ್ಯಾಕ್ಟರಿ' ಅನ್ನೋ ವಾರ್ಹಾಲ್ ಸ್ಟುಡಿಯೊ ಬಾಗಿಲಿಗೆ ಬಂದಿದ್ದು. ಇಕ್ಬಾಲ್, ನಿನಗೂ ಇದೇ ಉತ್ತರ. ದುಡ್ಡಿದ್ದ ಮನೆಯೇ, ಹಳೇ ದೊಡ್ಡ ಮನೆತನವೇ. ಅದು ಆ ಮಕ್ಕಳನ್ನು ಕಾಪಾಡಲಿಲ್ಲ.

ಸುಮಾ: ಅಪ್ಪನ ವಿಷಯ ಸಿನಿಮಾದಲ್ಲಿ ಬರುತ್ತೆ ಅಲ್ವಾ?

ಶೈಲಜಾ: ಬರುತ್ತೆ, ಬಂದು ಹೋಗುತ್ತೆ. ನನ್ನ ಮುಖ್ಯ ತಕರಾರು ಅದಲ್ಲ ಸುಮಾ. ಅವಳು ಮಾಡಿದ ಕೆಲಸ ಸಿನಿಮಾದಲ್ಲಿ ಎಲ್ಲಿದೆ ಅನ್ನೋದು ನನ್ನ ಪ್ರಶ್ನೆ.

ಇಕ್ಬಾಲ್: ಕೆಲಸ ಅಂದ್ರೆ? ಕ್ಯಾಮೆರಾ ಮುಂದೆ ಸುಮ್ನೆ ಕೂತಿದ್ದು ತಾನೆ?

ಶೈಲಜಾ: ಆ ಮಾತಿಗೇ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

1965ರಲ್ಲಿ ವಾರ್ಹಾಲ್ 'ಔಟರ್ ಅಂಡ್ ಇನ್ನರ್ ಸ್ಪೇಸ್' ಅಂತ ಒಂದು ಚಿತ್ರ ಮಾಡಿದ. ವಿಡಿಯೊ ಯಂತ್ರ ಆಗಿನ್ನೂ ಹೊಸದು, ಒಂದು ಕಂಪನಿಯವರು ಅವನಿಗೆ ಎರವಲು ಕೊಟ್ಟಿದ್ದರು. ಮೊದಲು ಈಡೀ ಮಾತಾಡೋದನ್ನು ಟೇಪ್ ಮಾಡಿಕೊಂಡ. ಆಮೇಲೆ ಆ ಟೇಪನ್ನು ಟಿವಿಯಲ್ಲಿ ಓಡಿಸಿ, ಪಕ್ಕದಲ್ಲೇ ಅವಳನ್ನು ಕೂರಿಸಿ ಮತ್ತೆ ಚಿತ್ರೀಕರಿಸಿದ. ಇಂಥ 33 ನಿಮಿಷದ ಎರಡು ರೀಲುಗಳನ್ನು ಅಕ್ಕಪಕ್ಕ ತೋರಿಸುತ್ತಾರೆ. ಅಂದ್ರೆ ಪರದೆ ಮೇಲೆ ನಾಲ್ಕು ಈಡೀ! ಟಿವಿಯಲ್ಲಿರೋ ಮುಖ ದೊಡ್ಡದು, ಒಂದು ಪಕ್ಕಕ್ಕೆ ತಿರುಗಿದೆ. ಅದು ಇವಳ ಕಿವಿಯಲ್ಲೇ ಏನೋ ಪಿಸುಗುಟ್ಟೋ ಹಾಗೆ ಕಾಣುತ್ತೆ. ಗಿಡ್ಡ ಬೆಳ್ಳಿ ಕೂದಲು, ಉದ್ದನೆಯ ಓಲೆ, ಕೈಯಲ್ಲಿ ಸಿಗರೇಟು. ತನ್ನದೇ ದನಿ ಕಿವಿಗೆ ಬಿದ್ದಾಗ ಮಾತು ತಪ್ಪುತ್ತೆ, ಕಿರಿಕಿರಿ ಆಗುತ್ತೆ, ಮತ್ತೆ ಮಾತಾಡುತ್ತಾಳೆ. ಸಂಭಾಷಣೆ ಬರೆದುಕೊಟ್ಟವರಿಲ್ಲ. ಅಷ್ಟು ಹೊತ್ತು ನಮ್ಮ ಕಣ್ಣನ್ನು ಹಿಡಿದಿಡೋದು ಆ ಮುಖ ಒಂದೇ. ಕಟ್ ಮಾಡಿ ಕಾಪಾಡೋ ಎಡಿಟರ್ ಇಲ್ಲ. ಇದು ನಟನೆ ಅಲ್ಲದೆ ಮತ್ತೇನು?

'ಪುವರ್ ಲಿಟಲ್ ರಿಚ್ ಗರ್ಲ್' ಕೂಡ ಅದೇ ವರ್ಷದ್ದು. ಅವಳ ಅಪಾರ್ಟ್‌ಮೆಂಟಿನಲ್ಲೇ ತೆಗೆದಿದ್ದು. ಮೊದಲ ರೀಲು ಪೂರ್ತಿ ಫೋಕಸ್ ಇಲ್ಲ, ಮಸುಕು ಮಸುಕು. ವಾರ್ಹಾಲ್ ಅದನ್ನು ಹಾಗೇ ಉಳಿಸಿಕೊಂಡ. ಆ ಮಸುಕಿನಲ್ಲೂ ಅವಳು ಕೈ ಆಡಿಸೋ ರೀತಿ, ಫೋನ್ ಹಿಡಿಯೋ ರೀತಿ ನೋಡಿದ ತಕ್ಷಣ ಇವಳೇ ಅಂತ ಗೊತ್ತಾಗುತ್ತೆ.

ನಮ್ಮ ಲೈಫ್ ಸ್ಟಡಿ ಕ್ಲಾಸಿಗೆ ಮಾಡೆಲ್ ಆಗಿ ಬರುತ್ತಿದ್ದ ಅಮ್ಮನ ನೆನಪಿದೆಯಾ? ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದರು. ಬೆನ್ನು ನೋವು ಅಂತ ಒಂದು ದಿನವೂ ಹೇಳಲಿಲ್ಲ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸುಮಾ: ನನಗೆ ಗೊತ್ತಿಲ್ಲ. ಈಗ ಹೊಟ್ಟೆಗೆ ಒಂಥರಾ ಆಗ್ತಿದೆ.

ಇಕ್ಬಾಲ್: ಕೂತಿದ್ದು ಅಂತ ಅಂದಿದ್ದು ಹಿಂದಕ್ಕೆ ತಗೊಂಡೆ. ಆದರೂ ಫ್ಯಾಷನ್ ಪತ್ರಿಕೆಯವರು ಕುಣಿಸಿದ್ದಕ್ಕೇ ಅವಳು ಫೇಮಸ್ ಆಗಿದ್ದು ಅಲ್ವಾ?

ಶೈಲಜಾ: ವೋಗ್ ಪತ್ರಿಕೆ 1965ರಲ್ಲಿ ಬರೆಯಿತು, ನಿಜ. ಅದೇ ವರ್ಷ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ವಾರ್ಹಾಲ್ ಪ್ರದರ್ಶನ ಇತ್ತು. ನೂಕುನುಗ್ಗಲು ಎಷ್ಟಿತ್ತು ಅಂದ್ರೆ, ಹಾಳಾಗುತ್ತವೆ ಅಂತ ಗೋಡೆಯ ಚಿತ್ರಗಳನ್ನೇ ಇಳಿಸಿಬಿಟ್ಟಿದ್ದರು. ಜನ ನೋಡೋಕೆ ಬಂದಿದ್ದು ಅವರಿಬ್ಬರನ್ನು. ಮೆಟ್ಟಿಲ ಮೇಲೆ ನಿಂತು ಮೈಕಿನಲ್ಲಿ ಆ ಗುಂಪಿನ ಜೊತೆ ಮಾತಾಡಿದ್ದು ಈಡೀ. ಕೊನೆಗೆ ಮಹಡಿ ಮೇಲಿಂದ ಅವರನ್ನು ಹೊರಗೆ ಕಳಿಸಬೇಕಾಯಿತು. ವಾರ್ಹಾಲ್‌ನ ಹೆಸರು ಬೆಳೆಸಿದ್ದರಲ್ಲಿ ಅವಳ ಪಾಲೂ ಇದೆ.

ಗುರು: ಸರಿ, ಹಾಗಾದರೆ ನನ್ನ ಮಾತೇ ಗಟ್ಟಿ ಆಯಿತು. ಇಷ್ಟೆಲ್ಲ ಮಾಡಿದವಳಿಗೆ ಅವನು ದುಡ್ಡು ಕೊಡಲಿಲ್ಲ. ಕೇಳಿದಾಗ ಜಗಳ ಆಯಿತು. ಶೋಷಣೆ ತಾನೆ?

ಶೈಲಜಾ: ಹೌದು, ಅಲ್ಲಿ ನಾನು ನಿನ್ನ ಜೊತೆಗಿದ್ದೇನೆ. ಆದರೆ ಅವಳು ಮಾಡಿದ್ದು ಕೆಲಸ ಅಂತ ಮೊದಲು ಒಪ್ಪಿದರೆ ತಾನೆ ಕೂಲಿ ಕೇಳೋದು? ಸಿನಿಮಾದವರು ಮೋಸ ಹೋದ ಹುಡುಗಿಯನ್ನು ತೋರಿಸಿದರು, ದುಡಿದ ಕಲಾವಿದೆಯನ್ನು ಬಿಟ್ಟರು. ಹಾಗಾಗಿ ಅವಳು ದುಡ್ಡು ಕೇಳಿದಾಗ ಹಕ್ಕಿನ ಮಾತು ಅನ್ನಿಸೋದೇ ಇಲ್ಲ, ಗೋಗರೆದ ಹಾಗೆ ಕಾಣುತ್ತೆ.

ಇಕ್ಬಾಲ್: ವಾರ್ಹಾಲ್ ತೆಗೆದ ಆ ಸಿನಿಮಾಗಳು ಯಾರಿಗೂ ಸಿಗುತ್ತಿರಲಿಲ್ಲ ಅಂತ ಎಲ್ಲೋ ಓದಿದ್ದೆ. ಪಾಪ, 'ಫ್ಯಾಕ್ಟರಿ ಗರ್ಲ್' ನಿರ್ದೇಶಕನಿಗೂ ಸಿಕ್ಕಿರಲಿಕ್ಕಿಲ್ಲ.

ಶೈಲಜಾ: ವಾರ್ಹಾಲ್ 1970ರ ದಶಕದಲ್ಲಿ ಅವನ್ನೆಲ್ಲ ವಾಪಸ್ ತೆಗೆದುಕೊಂಡು ಒಳಗಿಟ್ಟಿದ್ದು ನಿಜ. ಆದರೆ 80ರ ದಶಕದಿಂದಲೇ ನ್ಯೂಯಾರ್ಕಿನ ಮ್ಯೂಸಿಯಂಗಳು ಅವನ್ನು ಒಂದೊಂದಾಗಿ ಹೊರಗೆ ತಂದವು. ಟಿವಿ ಪಕ್ಕ ಕೂತ ಚಿತ್ರ 1998ರಲ್ಲಿ ಮತ್ತೆ ಪರದೆಗೆ ಬಂತು. ಈ ಸಿನಿಮಾ ಅದಾದ ಎಂಟು ವರ್ಷಕ್ಕೆ ಬಂದಿದ್ದು.

ಸುಮಾ: ಕೊನೆಯಲ್ಲಿ ಹೆಸರುಗಳು ಬರುವಾಗ ಅವಳನ್ನು ಕಂಡಿದ್ದವರೆಲ್ಲ ಮಾತಾಡುತ್ತಾರಲ್ಲ, ಅವಳ ಅಣ್ಣನೂ ಇದ್ದಾನೆ. ನನಗೆ ಇಡೀ ಸಿನಿಮಾಗಿಂತ ಅದೇ ಇಷ್ಟ ಆಯಿತು.

ಶೈಲಜಾ: ನನಗೂ ಕಣೇ. ಅವರು ಮಾತಾಡಿದಾಗ ಮಾತ್ರ ಅವಳು ಬದುಕಿದ್ದವಳು ಅನ್ನಿಸಿತು.

ಗುರು: ಆ ನಾಲ್ಕು ಮುಖದ ಚಿತ್ರ ಎಲ್ಲಾದರೂ ಸಿಕ್ಕರೆ ನೋಡುತ್ತೇನೆ. ವಾರ್ಹಾಲ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಲ್ಲ.

ಶೈಲಜಾ: ಅದು ಬದಲಾಗೋದು ಬೇಡ ಮಾರಾಯ. ಈಡೀ ಬಗ್ಗೆ ಬದಲಾದರೆ ಸಾಕು.